‘ಟಕ್’ ಅಂದ ಮೇಲೆ ತೆಗೆಯುವ ಫೋಟೋ

ಔರಾದ ತಾಲ್ಲೂಕಿನ ಬಯಲಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕುರಿಹಟ್ಟಿಯ ಮುಂದೆ ಭಾಲ್ಕಿಯ ಫೋಟೋಗ್ರಾಫರ್ ಆಮ್ರಪಾಲಿ ಮೊಣಕಾಲೂರಿ ಕೂತಿದ್ದಾರೆ. ಎದುರಿಗೆ ಎಂಬತ್ತು ದಾಟಿದ ಸಖುಬಾಯಿ, ಉಸಿರು ಬಿಗಿಹಿಡಿದು ಕಂಬದಂತೆ ನಿಂತಿದ್ದಾರೆ.

“ತಗದಿ ಏನವ್ವಾ?”

“ತಗದೇನ್ರಿ, ಆಯಿ.”

“ಸುಳ್ಳ! ಸಪ್ಪಳs ಬರಲಿಲ್ಲ.”

“ಆಯಿ, ಉಸುರು ಬಿಡು. ನಿನ್ನ ಮಾರಿ ನೋಡಿ ಕುರಿ ಅಂಜಲಕತ್ಯಾವ,” ಎಂದು ಕಮಲನಗರಕ್ಕೆ ಮದುವೆಯಾಗಿ ಹೋಗಿರುವ ಮೊಮ್ಮಗಳು ಶೀತಲ ಕಾಡಿಸುತ್ತಾಳೆ.

ನಾಳೆ ಹಿಂಡು ಮಹಾರಾಷ್ಟ್ರದ ಕಡೆ ಮೇಯಲು ಹೊರಡುತ್ತದೆ, ಅದರೊಡನೆ ಸಖುಬಾಯಿಯೂ. ಅಜ್ಜಿಯದು ಮನೆಯಲ್ಲಿ ಒಂದೂ ಫೋಟೋ ಇಲ್ಲ. ಈ ಕಡೆ ಎಷ್ಟೋ ಮನೆಗಳ ಗೋಡೆಯ ಮೇಲಿರುವುದು ತೀರಿಕೊಂಡವರ ಫೋಟೋ ಮಾತ್ರ. ಹಾಗಾಗಿ ಹಿರಿಯರು ಕ್ಯಾಮೆರಾ ಕಂಡರೆ ದೂರ ಸರಿಯುತ್ತಾರೆ. ಹಿಂದೆ ಎರಡು ಸಲ ಆಮ್ರಪಾಲಿ ಬರಿಗೈಯಲ್ಲಿ ಮರಳಿದ್ದಾರೆ. ಇಂದು ಸಖುಬಾಯಿ ಒಂದು ಕರಾರಿನ ಮೇಲೆ ಒಪ್ಪಿದ್ದಾರೆ: ತಮಗೆ ಮನಸ್ಸಿಗೆ ಬಾರದಿದ್ದರೆ ಅಲ್ಲೇ ಅಳಿಸಬೇಕು.

ಆಮ್ರಪಾಲಿ ಮೊದಲು ಮದುವೆಗಳ ಫೋಟೋ ಮಾತ್ರ ತೆಗೆಯುತ್ತಿದ್ದರು. ಒಮ್ಮೆ ಒಂದು ಮನೆಯವರು ಅವಸರದಲ್ಲಿ ಕರೆದರು. ಹೋಗಿ ನೋಡಿದರೆ ಪ್ರಾಣ ಹೋದ ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಆಕೆಯ ಮೊದಲ ಫೋಟೋ ಅದೇ. “ನಾವು ಕಣ್ಣಿಗಿ ಫೋಕಸ್ ಮಾಡೋರ್ರಿ. ಅಲ್ಲಿ ಕಣ್ಣs ಮುಚ್ಚಿದ್ದವು,” ಎನ್ನುತ್ತಾರೆ. ಹೋದವರ ಮುಖ ದಿನದಿನಕ್ಕೆ ಮಸುಕಾಗುವ ಸಂಕಟ ಮನೆ ಬರಿದಾದವರಿಗೆ ಗೊತ್ತು. ಅಂದಿನಿಂದ ಮದುವೆಯಿಲ್ಲದ ದಿನಗಳಲ್ಲಿ ನಸುಕಿಗೇ ಸ್ಕೂಟರ್ ಹತ್ತಿ ಹಳ್ಳಿಗಳಿಗೆ ಹೊರಡುತ್ತಾರೆ.

ಬೀದರಿನಲ್ಲಿ ಕ್ಯಾಮೆರಾ ದುರಸ್ತಿ ಮಾಡುವ ಅಬ್ದುಲ ಸಮದರಿಂದ ಕೊಂಡ ಮಿರರ್‌ಲೆಸ್ ಕ್ಯಾಮೆರಾ, ಅದಕ್ಕೊಂದು ಎಂಬತ್ತೈದು ಮಿಲಿಮೀಟರಿನ ಲೆನ್ಸು. ದೂರ ನಿಂತರೂ ಮುಖ ಹತ್ತಿರ ಬರುತ್ತದೆ, ಹಿಂದಿನ ಹಟ್ಟಿ ಮಂಜಿನಂತೆ ಕರಗುತ್ತದೆ. ಕುರಿಗಳ ನಡುವೆ ಲೆನ್ಸ್ ಬದಲಿಸುವುದಿಲ್ಲ. “ಒಳಗ ಕನ್ನಡಿ ಅಡ್ಡ ಇರಂಗಿಲ್ರಿ. ಕುರಿ ಕೂದಲ ಹಾರಿ ಸೀದಾ ಸೆನ್ಸರ್ ಮ್ಯಾಲ ಕುಂದರ್ತದ.”

ಈಗ ನೋಡಿ ಆಕೆಯ ಕೈಚಳಕ! ಕ್ಯಾಮೆರಾದ ಸಪ್ಪಳ ಹಚ್ಚಿ ಒಮ್ಮೆ ಒತ್ತುತ್ತಾರೆ. ಟಕ್!

“ಆಯ್ತ್ರಿ ಆಯಿ.”

“ಆಯ್ತs? ಇಷ್ಟs?” ಸಖುಬಾಯಿ ಗಟ್ಟಿಯಾಗಿ ಉಸಿರು ಬಿಡುತ್ತಾರೆ. ಅಷ್ಟರಲ್ಲಿ ಒಂದು ಮರಿ ಸೆರಗು ಜಗ್ಗುತ್ತದೆ. “ಹಾಟ್ಯಾ, ನಿಂದೂ ಫೋಟೋ ಬೇಕೇನ?” ಎಂದು ಮುದ್ದಿಗೆ ಬೈದು ಬಾಯಿತುಂಬ ನಗುತ್ತಾರೆ. ಆಮ್ರಪಾಲಿಯ ಬೆರಳು ಆಗಲೇ ಸಪ್ಪಳ ಬಂದ್ ಮಾಡಿದೆ. ಕ್ಯಾಮೆರಾ ಸದ್ದಿಲ್ಲದೆ ಆ ನಗುವನ್ನು ಹಿಡಿಯುತ್ತದೆ. ದೇವರೇ, ಎಂಥ ಬೆಳಕು, ಎಂಥ ಮುಖ!

ಆಮ್ರಪಾಲಿ ಕೊನೆಯ ಎರಡೂ ಫೋಟೋ ತೋರಿಸಿ ಕೇಳುತ್ತಾರೆ: “ಎರಡನೇದು ನಿಮಗ ಹೇಳದs ತಗದೇನ್ರಿ. ಅಳಸಲ್ರೀ?”

ಸಖುಬಾಯಿ ಪರದೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡುತ್ತಾರೆ.

“ಆ ಕಂಬ ನಿಂತದಲ್ಲ, ಅದು ಅಳಸು. ಇಕಿ ನಗಲಕತ್ಯಾಳ, ಇಕಿ ಇರ್ಲಿ. ಗೋಡಿಗಿ ಬ್ಯಾಡ. ಶೀತಲನ ಮೊಬೈಲನ್ಯಾಗ ಹಾಕು, ಸಂಸಾರ ಹ್ಯಾಂಗ ಮಾಡ್ತಾಳ ನೋಡ್ತಿರ್ತೇನಿ.”

ಆಮ್ರಪಾಲಿ ಕ್ಯಾಮೆರಾ ಚೀಲಕ್ಕೆ ಹಾಕುತ್ತಾರೆ. ಮುಂದೇನು ಆಸೆ ಎಂದರೆ ನಾಚಿ ನಗುತ್ತಾರೆ. “ಕತ್ತಲಿಗಿ ಒಂದು ಛಲೋ ಲೆನ್ಸ್ ಬೇಕ್ರಿ. ಎದ್ದು ಅಂಗಳಕ ಬರಲಾರ್ದ ಮುದುಕ್ಯಾರು ಭಾಳ ಮಂದಿ ಅದಾರ. ಅವರ ಒಲಿ ಬೆಳಕಿನ್ಯಾಗs ತಗೀಬೇಕು.”