ಇಂಟರ್‌ವಲ್ ಆದಮೇಲೆ ಮಾಸ್ತಮ್ಮ ಹೇಳಿದ ಕತೆ

ನಮ್ಮ ಅತ್ತೆ ಮಾಸ್ತಮ್ಮನ ಬಗ್ಗೆ ಬೇರೆ ಯಾರಾದರೂ ಬರೆದರೆ ಮೀನಿನಿಂದ ಶುರು ಮಾಡಿಯಾರು. ನಾನು ಸಿನೆಮಾದಿಂದ ಶುರು ಮಾಡುತ್ತೇನೆ. ಮಾವಳ್ಳಿಯಲ್ಲಿ ಮೀನು ಮಾರುವ ಹೆಂಗಸರಿಗೇನೂ ಬರವಿಲ್ಲ. ಮೀನಿನ ಜೊತೆ ಸಿನೆಮಾ ಕತೆಯನ್ನೂ ಮನೆಮನೆಗೆ ಮುಟ್ಟಿಸಿದವರು ಇವರೊಬ್ಬರೇ.

ಮದುವೆಯಾಗಿ ಬಂದ ಹೊಸತರಿಂದಲೂ ಅವರ ದಾರಿ ಒಂದೇ. ಬೆಳಿಗ್ಗೆ ಬುಟ್ಟಿ ಹೊತ್ತು ಭಟ್ಕಳದ ಬಸ್ಸು ಹತ್ತುವುದು, ಅಲ್ಲಿನ ಪೇಟೆಗೆ ಹತ್ತಿರದ ಮುಟ್ಟಳ್ಳಿಯ ಅಂಗಳಗಳಲ್ಲಿ ಬಂಗಡೆ, ತಾರ್ಲೆ ಮಾರುವುದು. ಬುಟ್ಟಿ ಬೇಗ ಖಾಲಿಯಾದರೆ ಅದನ್ನು ಗುರುತಿನ ಅಂಗಡಿಯಲ್ಲಿ ಇಟ್ಟು, ಕೈಕಾಲು ತೊಳೆದುಕೊಂಡು ಪೇಟೆಯ ಟಾಕೀಸಿನಲ್ಲಿ ಮಧ್ಯಾಹ್ನದ ಆಟಕ್ಕೆ ಕೂರುವುದು. ಮರುದಿನ ಮುಟ್ಟಳ್ಳಿಯ ಹೆಂಗಸರು ಮೀನಿಗಿಂತ ಹೆಚ್ಚಾಗಿ ಕತೆಗೆ ಕಾಯುತ್ತಿದ್ದರು. ಟಾಕೀಸು ಮುಚ್ಚಿದ ಮೇಲೂ ಹಳೆಯ ಕತೆಗಳಿಗೆ ಗಿರಾಕಿ ಕಡಿಮೆಯಾಗಲಿಲ್ಲ. ನಾನು ಕುಮಟೆಯಿಂದ ಸೊಸೆಯಾಗಿ ಬಂದವಳು, ಸಿನೆಮಾ ಹುಚ್ಚಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಇಲ್ಲಿ ಅತ್ತೆಯೇ ನನಗೆ ಪಾಠ ಹೇಳಿದರು.

ಆಮೇಲೆ ಕೊರೊನಾ ಬಂತು. ದೋಣಿಗಳೆಲ್ಲ ದಡ ಹತ್ತಿದವು, ಬಸ್ಸು ನಿಂತಿತು, ಭಟ್ಕಳದ ದಾರಿಗೆ ಪೊಲೀಸರು ಅಡ್ಡಗಟ್ಟೆ ಹಾಕಿದರು. ವರ್ಷದಲ್ಲಿ ಮನೆಯ ಊಟಕ್ಕಿಂತ ದೋಣಿಯ ಊಟವನ್ನೇ ಹೆಚ್ಚು ಉಣ್ಣುವ ನನ್ನ ಗಂಡ ಭಾಸ್ಕರ ಮನೆಯಲ್ಲೇ ಬಿದ್ದುಕೊಂಡ. ಮಧ್ಯಾಹ್ನ ಊಟವಾದ ಮೇಲೆ ಟೀವಿಯಲ್ಲಿ ಒಂದು ಹಳೆಯ ಸಿನೆಮಾ ಹಾಕುತ್ತಿದ್ದರು. ಭಾಸ್ಕರ, ಹರಿದ ಬಲೆಯನ್ನು ತೊಡೆಯ ಮೇಲೆ ಹರವಿಕೊಂಡ ನಮ್ಮ ಮಾವ, ನಾನು, ಮಗಳು ಸ್ಮೃತಿ ಎಲ್ಲ ಸಾಲಾಗಿ ಕೂರುತ್ತಿದ್ದೆವು. ಅತ್ತೆ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತರೆ ಕಣ್ಣು ಮಿಟುಕಿಸುತ್ತಿರಲಿಲ್ಲ. ಪರದೆಯ ಮೇಲೆ 'ವಿರಾಮ' ಎಂದು ಬರುವುದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಚಾ ಮಾಡಲು ಹೋದರು ಎಂದು ನಾವು ಕಾದದ್ದೇ ಬಂತು. ಚಾವೂ ಬರಲಿಲ್ಲ, ಅತ್ತೆಯೂ ಬರಲಿಲ್ಲ. ಎಷ್ಟು ಸಿನೆಮಾ ಬಂದರೂ ಇದೇ ಕತೆ. ಅವುಗಳಲ್ಲಿ ಅತ್ತೆ ಮೊದಲೇ ಕತೆ ಹೇಳಿದ್ದ ಸಿನೆಮಾ ಒಂದೂ ಇರಲಿಲ್ಲ.

ಒಂದು ದಿನ ಅತ್ತೆಗೆ ಬಹಳ ಇಷ್ಟದ ಸಿನೆಮಾ ಬಂತು. ಗಂಡನ ಮನೆಯವರು ಸುಳ್ಳು ಅಪವಾದ ಹೊರಿಸಿ ಸೊಸೆಯನ್ನು ಹೊರಹಾಕುತ್ತಾರೆ. ಅವಳು ಎಳೆಮಗುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಲ್ಲುತ್ತಾಳೆ. ಅಲ್ಲಿಗೆ ಇಂಟರ್‌ವಲ್. ಮುಂದಿನದ್ದನ್ನು ಅತ್ತೆಯ ಬಾಯಲ್ಲಿ ನಾನು ಹತ್ತಾರು ಸಲ ಕೇಳಿದ್ದೆ. ಅವಳು ಬುಟ್ಟಿ ಹಿಡಿದು ವ್ಯಾಪಾರಕ್ಕೆ ಇಳಿಯುತ್ತಾಳೆ, ಮಗುವನ್ನು ಓದಿಸುತ್ತಾಳೆ, ಸ್ವಂತ ಮನೆ ಕಟ್ಟಿಸುತ್ತಾಳೆ. ಕೊನೆಗೊಂದು ದಿನ ಗಂಡನೇ ಗಿರಾಕಿಯಾಗಿ ಎದುರು ಬಂದು ನಿಲ್ಲುತ್ತಾನೆ. ಅವಳು ಬಯ್ಯುವುದಿಲ್ಲ, ಅಳುವುದಿಲ್ಲ. ಕೇಳಿದ್ದನ್ನು ಕೊಟ್ಟು, ಹಿಂದೆ ನಿಂತವರಿಗೆ ಎಂತ ಬೇಕು ಎಂದು ಕೇಳುತ್ತಾಳೆ. ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು.

ಅವತ್ತೂ ಅತ್ತೆ ಎದ್ದರು. ಇಷ್ಟು ಒಳ್ಳೆಯ ಭಾಗ ಬಿಟ್ಟು ಎಲ್ಲಿಗೆ ಹೋಗುತ್ತೀರಿ ಎಂದು ನಾನು ಕೈಹಿಡಿದು ಎಳೆದು ಕೂರಿಸಿದೆ. ಕೂತರು. ಆದರೆ ಟೀವಿಯಲ್ಲಿ ಬುಟ್ಟಿಯೂ ಇಲ್ಲ, ವ್ಯಾಪಾರವೂ ಇಲ್ಲ. ಆ ಹೆಂಗಸು ಒಂದು ಗುಡಿಯಲ್ಲಿ ಕಸ ಗುಡಿಸುತ್ತ ಗಂಡನ ಹೆಸರಿನಲ್ಲಿ ಉಪವಾಸ ಮಾಡಿದಳು. ಕೊನೆಗೆ ಅವನ ಕಾಲಿಗೆ ಬಿದ್ದಳು, ಆ ಪುಣ್ಯಾತ್ಮ ಕ್ಷಮಿಸಿದ, ಮುಗಿಯಿತು. ನಾನು ಬೆಪ್ಪಾಗಿ ಅತ್ತೆಯ ಮುಖ ನೋಡಿದೆ. ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾ ಒಂದು ಸಿನೆಮಾನೂ ಪೂರ್ತಿ ನೋಡ್ಲಿಲ್ಲ ಸುಚಿತಾ" ಎಂದರು. "ಇಂಟರ್‌ವಲ್ ಬಿಟ್ಟ ಕೂಡ್ಲೆ ಬಸ್ಸು. ಸಂಜೆ ದೋಣಿ ಬರುವಷ್ಟೊತ್ತಿಗೆ ದಡದಲ್ಲಿ ಇರ್ಲಿಲ್ಲ ಅಂದ್ರೆ ಮರುದಿನಕ್ಕೆ ಮೀನೆಲ್ಲಿ?"

ಹಾಗಾದರೆ ಇಂಟರ್‌ವಲ್ ನಂತರದ್ದು? ಮೊದಲ ಸಲ ಮುಟ್ಟಳ್ಳಿಯ ಹೆಂಗಸರು ಮೀನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಎಂತ ಆತು ಎಂದು ಕೇಳಿದರಂತೆ. ಗೊತ್ತಿಲ್ಲ ಎನ್ನಲು ಅತ್ತೆಗೆ ಬಾಯಿ ಬರಲಿಲ್ಲ. ಮನಸ್ಸಿಗೆ ಬಂದದ್ದನ್ನು ಹೇಳಿದರು. ಅಲ್ಲಿಂದ ಅದೇ ಅಭ್ಯಾಸವಾಯಿತು. ಅರ್ಧ ಸಿನೆಮಾ ಟಾಕೀಸಿನದು, ಅರ್ಧ ಮಾಸ್ತಮ್ಮನದು. ನಮ್ಮನೆಯಲ್ಲಿ ಯಾರಿಗೂ ಇದರ ಸುಳಿವೇ ಇರಲಿಲ್ಲ. ಮಾವನಂತೂ ಬಲೆಯ ಸೂಜಿಯನ್ನು ಗಾಳಿಯಲ್ಲೇ ಹಿಡಿದು ಕೂತುಬಿಟ್ಟರು.

ಅದೇ ಸಂಜೆ ಮುಟ್ಟಳ್ಳಿಯಿಂದ ಫೋನುಗಳು ಬರತೊಡಗಿದವು. ಊರಿಡೀ ಮನೆಯಲ್ಲಿ ಕೂತು ಅದನ್ನೇ ನೋಡಿತ್ತು. ಹಳೆಯ ಗಿರಾಕಿ ಚೌಡಮ್ಮ ಹೊಟ್ಟೆ ಹಿಡಿದು ನಕ್ಕರು. ನೀನು ಕಟ್ಟಿಸಿದ ಮನೆ ಎಲ್ಲಿ ಹೋತು ಮಾರಾಯ್ತಿ ಎಂದು ಕೇಳಿ, ಕತೆ ಹೀಗಾದರೆ ಇನ್ನು ನಿನ್ನ ಬಂಗಡೆಯನ್ನೂ ಕಿವಿರು ಎತ್ತಿಯೇ ನೋಡಬೇಕು ಎಂದರು. ತಮಾಷೆಗೇ ಅಂದದ್ದು. ಅತ್ತೆಗೆ ಅದು ನಾಟಿತು. ಮಾಸ್ತಮ್ಮ ತಾಜಾ ಎಂದರೆ ಮುಟ್ಟಳ್ಳಿಯಲ್ಲಿ ಯಾರೂ ಮೀನನ್ನು ಮುಟ್ಟಿ ಪರೀಕ್ಷೆ ಮಾಡುತ್ತಿರಲಿಲ್ಲ. ಆ ನಂಬಿಕೆಯೇ ಅವರ ಅಂಗಡಿ.

ಆದರೂ ಅವರು ಕಾದದ್ದು ಬೇರೆ ಫೋನಿಗೆ. ರೂಪಾಳ ಫೋನು ಬರಲಿಲ್ಲ.

ರೂಪಾ ಮುಟ್ಟಳ್ಳಿಯ ಹುಡುಗಿ, ಹೊನ್ನಾವರದ ಕಡೆ ಕೊಟ್ಟಿದ್ದರು. ಕೂಸು ಹುಟ್ಟಿದ ವರ್ಷವೇ ಗಂಡನ ಮನೆಯವರು ಇಲ್ಲದ ಅಪವಾದ ಹೊರಿಸಿ ತವರಿಗೆ ಅಟ್ಟಿದರು. ನೆಂಟರೆಲ್ಲ ಸೇರಿ, ಹೋಗಿ ಗಂಡನ ಕಾಲು ಹಿಡಿ ಎಂದು ದಿನಾ ಒತ್ತಾಯ ಮಾಡುತ್ತಿದ್ದರು. ಬಟ್ಟೆ ಕಟ್ಟಿಟ್ಟು ಜಗಲಿಯಲ್ಲಿ ಕೂತಿದ್ದ ಅವಳಿಗೆ ಅತ್ತೆ ಒಂದು ಬೆಳಿಗ್ಗೆ ಈ ಸಿನೆಮಾದ ಕತೆ ಹೇಳಿದ್ದರು. ರೂಪಾ ಹೋಗಲಿಲ್ಲ. ತವರಿನ ಹಿತ್ತಲಲ್ಲಿ ಮಲ್ಲಿಗೆ ನೆಟ್ಟಳು. ಮಲ್ಲಿಗೆ ಮಾರಿಯೇ ಮಗಳನ್ನು ಬೆಳೆಸಿದಳು.

"ನನ್ನ ಮಾತು ನಂಬಿ ಉಳ್ಕಂಡ್ಲು ಅವ್ಳು" ಎಂದರು ಅತ್ತೆ. "ಒಂದು ಹೆಣ್ಣಿನ ಸಂಸಾರ ಮುರಿದೆ ನಾನು, ಕಾಣದ ಸಿನೆಮಾ ಹೇಳಿ."

ಸಿನೆಮಾಕ್ಕೆಲ್ಲ ಯಾರು ತಲೆಕೆಡಿಸಿಕೊಳ್ಳುತ್ತಾರೆ ಎಂದ ಭಾಸ್ಕರ. ನನಗೆ ಸಿಟ್ಟು ನೆತ್ತಿಗೇರಿತು. ಬಲೆ ಹರಿದರೆ ವಾರಗಟ್ಟಲೆ ಮುಖ ಊದಿಸಿಕೊಳ್ಳುವ ಮಹಾಶಯ ಇವನು! ಅವತ್ತು ಅವನಿಗೆ ಬಡಿಸಿದ ಅನ್ನಕ್ಕೆ ಸಾರು ಹಾಕಲಿಲ್ಲ. ಕೇಳಿದಾಗಲೂ ಹಾಕಲಿಲ್ಲ.

ಬಸ್ಸು ಮತ್ತೆ ಶುರುವಾಯಿತು. ಅತ್ತೆ ಬುಟ್ಟಿ ಎತ್ತಿದರು, ಆದರೆ ಭಟ್ಕಳಕ್ಕಲ್ಲ, ಮುರ್ಡೇಶ್ವರದ ಕಡೆಗೆ. ಅಲ್ಲಿ ಮೊದಲೇ ಬೇರೆಯವರು ಮಾರುತ್ತಿದ್ದರು. ಅರ್ಧ ಮೀನು ಹಾಗೇ ವಾಪಸು ಬರುತ್ತಿತ್ತು. ಅತ್ತೆ ಟೀವಿಯ ಹತ್ತಿರ ಸುಳಿಯಲೂ ಇಲ್ಲ. ಊರಿಗೆಲ್ಲ ಕತೆ ಹೇಳುತ್ತಿದ್ದವರ ಬಾಯಿಗೆ ಬೀಗ ಬಿದ್ದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಇನ್ನೊಂದು ಬುಟ್ಟಿ ನಾನೇ ಹೊತ್ತೆ, ಅತ್ತೆಯ ರಟ್ಟೆ ಹಿಡಿದು ಭಟ್ಕಳದ ಬಸ್ಸಿಗೆ ಹತ್ತಿಸಿದೆ.

ರೂಪಾ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಅತ್ತೆ ಅಂಗಳದ ಆಚೆಯೇ ಬುಟ್ಟಿ ಇಳಿಸಿದರು. ಯೋಗಕ್ಷೇಮ ಕೇಳಲಿಲ್ಲ. ಮಾಸ್ಕು ಕೆಳಗೆ ಎಳೆದು ನೇರವಾಗಿ ಹೇಳಿದರು:

"ರೂಪಾ, ಆ ಸಿನೆಮಾ ನಾ ಅರ್ಧವೇ ನೋಡಿದ್ದು. ಉಳಿದದ್ದು ಸುಳ್ಳು. ನಿಂಗೆ ಬೈಬೇಕು ಅಂದ್ರೆ ಬೈ."

ರೂಪಾ ಹೂ ಕಟ್ಟುವುದನ್ನು ನಿಲ್ಲಿಸಿದಳು. ಟೀವಿಯಲ್ಲಿ ಮಗಳ ಜೊತೆ ಕೂತು ಪೂರ್ತಿ ನೋಡಿದೆ ಎಂದಳು. ಕೊನೆಗೆ ಆ ಹೆಂಗಸು ಗಂಡನ ಕಾಲಿಗೆ ಬಿದ್ದಾಗ ಮಗಳು, ಇವಳಿಗೆ ತಲೆ ಸಮ ಇಲ್ವಾ ಅಮ್ಮ ಎಂದು ಕೇಳಿದಳಂತೆ. ಇದನ್ನು ಫೋನಿನಲ್ಲಿ ಹೇಳುವುದು ಬೇಡ, ಎದುರಾ ಎದುರು ಹೇಳಬೇಕು ಎಂದು ರೂಪಾ ಅತ್ತೆಯ ದಾರಿ ಕಾಯುತ್ತಿದ್ದಳು.

"ನೀವು ಅವತ್ತು ಪೂರ್ತಿ ಸಿನೆಮಾ ನೋಡಿದ್ರೆ ನನ್ನ ಕತೆ ಮುಗೀತಿತ್ತು ಮಾಸ್ತಮ್ಮ" ಎಂದಳು. "ಬಟ್ಟೆ ಕಟ್ಟಿ ಇಟ್ಟಾಗಿತ್ತು. ಮರುದಿನ ಹೋಗಿ ಅವರ ಕಾಲು ಹಿಡೀತಿದ್ದೆ."

ರೂಪಾ ಎದ್ದು ಅಂಗಳಕ್ಕೆ ಇಳಿದು ಬಂದಳು.

"ಅವರು ಬಂದಿದ್ರು, ಹೋದ ವರ್ಷ. ಪೇಟೆಯಲ್ಲಿ ಹೂ ಮಾರ್ತಾ ಕೂತಿದ್ದೆ. ಎಂತದೋ ಮದುವೆಗೆ ಮಲ್ಲಿಗೆ ಬೇಕು ಅಂದ್ರು, ಆಮೇಲೆ ನನ್ನ ಮುಖ ಕಂಡ್ರು. ಆಗ ನಿಮ್ಮ ಕತೆ ನೆನಪಾತು. ಎರಡು ಮಾರು ಹೂ ಅಳೆದು ಕೊಟ್ಟೆ. ಹಿಂದೆ ನಿಂತವರ ಹತ್ರ, ನಿಮಗೆ ಎಂತ ಬೇಕು ಅಂತ ಕೇಳ್ದೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ನನಗಾದರೋ ಊರೆಲ್ಲ ಕೇಳುವಂತೆ ಕೂಗಬೇಕು ಅನ್ನಿಸಿತು, ಅಷ್ಟು ಖುಷಿ, ಅಷ್ಟು ಹೆಮ್ಮೆ.

ಅಷ್ಟರಲ್ಲಿ ಚೌಡಮ್ಮ ಮೀನಿಗೆ ಪಾತ್ರೆ ಹಿಡಿದು ಬಂದರು, ಬೆನ್ನಿಗೇ ಮತ್ತಿಬ್ಬರು. ರೂಪಾ ಅವರೆದುರು ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಚೌಡಮ್ಮ ನಗಲಿಲ್ಲ. ಸುಮ್ಮನೆ ಪಾತ್ರೆ ಚಾಚಿದರು. ಕಿವಿರು ಎತ್ತಿ ನೋಡುವುದಿಲ್ಲವಾ ಎಂದು ನಾನು ಚುಚ್ಚಿದೆ. ನೀನು ಸುಮ್ಮನಿರು ಎಂದು ನನಗೇ ಗದರಿ, ಟೀವಿಯಲ್ಲಿ ಬಂದ ಉಳಿದ ಸಿನೆಮಾಗಳೂ ಸಪ್ಪೆಯೇ, ಅವನ್ನೆಲ್ಲ ಮಾಸ್ತಮ್ಮ ಸರಿಯಾಗಿ ಹೇಳಬೇಕು ಎಂದು ಪಟ್ಟು ಹಿಡಿದರು. ಎರಡೂ ಬುಟ್ಟಿ ಅದೇ ಅಂಗಳದಲ್ಲಿ ಖಾಲಿಯಾದವು.

ಈಗಲೂ ಅತ್ತೆ ಮುಟ್ಟಳ್ಳಿಗೆ ಹೋಗುತ್ತಾರೆ, ಈಗಲೂ ಆ ಕತೆ ಹೇಳುತ್ತಾರೆ. ಮೊದಲರ್ಧ ಸಿನೆಮಾದ್ದು, ಎರಡನೆಯದು ತನ್ನದು ಎಂದು ಮೊದಲೇ ಹೇಳಿಬಿಡುತ್ತಾರೆ. ಇನ್ನೊಂದು ಬದಲಾವಣೆಯೂ ಆಗಿದೆ, ರೂಪಾಳನ್ನು ಕೇಳಿಯೇ ಮಾಡಿದ್ದು. ಬಸ್‌ಸ್ಟ್ಯಾಂಡಿನವರೆಗೆ ಆ ಹೆಂಗಸಿಗೆ ಸಿನೆಮಾದಲ್ಲಿದ್ದ ಹೆಸರು. ಅಲ್ಲಿಂದ ಮುಂದೆ ಅವಳ ಹೆಸರು ರೂಪಾ.