ಪಾಶ್ಕೊನ ಮಂದ್ರಕ್ಕೆ ಎರಡು ಹಳೇ ಸ್ಪೀಕರು

ಫಿಲ್ಕಾ ಸ್ಪೀಕರ್ ಕೊಂಡಳು ಅಂತ ಗೊತ್ತಾದಾಗ ಅರ್ಧ ಬೆಟಿನ ಊರೇ ನಕ್ಕಿತು. ಉಳಿದರ್ಧ ನಗಲಿಲ್ಲ ಯಾಕೆಂದರೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಅರವತ್ತೊಂಬತ್ತು ವಯಸ್ಸು, ಮಕ್ಕಳಿಲ್ಲ, ಗಂಡ ಹೋಗಿ ಹದಿಮೂರು ವರ್ಷ, ಮನೆಯಲ್ಲಿರೋ ಟೀವಿಯನ್ನೇ ನೆಟ್ಟಗೆ ನೋಡದವಳು. ಅಂಥವಳು ಪಕ್ಕದೂರು ಪಿರೋವಾಟ್ಸ್‌ನಲ್ಲಿ ಬಾಗಿಲು ಮುಚ್ಚಿದ ಕೆಫೆಯೊಂದರಿಂದ ಸೊಂಟದೆತ್ತರದ ಎರಡು ಪೆಟ್ಟಿಗೆಗಳನ್ನ ಮೀನಿನ ವ್ಯಾನಿಗೆ ಹೇರಿಸಿಕೊಂಡು ಬಂದಿಳಿದರೆ ಜನ ನಗದೆ ಅಳುತ್ತಾರೆಯೇ? ನೆಲದ ಮೇಲೇ ನಿಲ್ಲಿಸುವಂಥ ಸ್ಪೀಕರುಗಳು. ಮರದ ಬಣ್ಣದ ಹಾಳೆ ಅಂಟಿಸಿದ್ದು ಮೂಲೆಗಳಲ್ಲಿ ಸುಲಿದಿತ್ತು. ನೆತ್ತಿಯ ಮೇಲೆಲ್ಲ ಬಿಯರ್ ಗ್ಲಾಸಿಟ್ಟ ದುಂಡನೆ ಕಲೆಗಳು. ಆಂಪ್ಲಿಫೈಯರು, ಕ್ಯಾಸೆಟ್ ಡೆಕ್ಕು ಎಲ್ಲ ಸೇರಿ ಐನೂರು ಕುನಾ. ಸಿಗರೇಟಿನ ವಾಸನೆ ಮಾತ್ರ ಪುಕ್ಕಟೆ.

ಮೊದಲು ನೋಡಲು ಬಂದವನು ಲೋವ್ರೆ. ಅವಳ ಮದುವೆಯಲ್ಲಿ ಗಂಡಿನ ಕಡೆ ಸಾಕ್ಷಿ ನಿಂತವನು, ಅಂದರೆ 'ಕೂಮ'. ಆ ಕಡೆ ಕೂಮ ಅಂದರೆ ಒಡಹುಟ್ಟಿದವನಿಗಿಂತ ಒಂದು ಕೈ ಮೇಲು, ಹೆಣ್ಣಾಗಲಿ ಗಂಡಾಗಲಿ ಒಬ್ಬರನ್ನೊಬ್ಬರು ಕರೆಯುವುದೂ ಹಾಗೇ. ಹಡಗಿನಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಒಂದು ಪೆಟ್ಟಿಗೆಯ ಮುಂದಿನ ಬಟ್ಟೆ ಕಿತ್ತು, ದೊಡ್ಡ ಸ್ಪೀಕರಿನ ಅಂಚನ್ನ ಬೆರಳಲ್ಲಿ ಮುಟ್ಟಿದ. ಅಂಚಿನ ಸ್ಪಂಜು ಕಪ್ಪು ಪುಡಿಯಾಗಿ ಅವನ ಬೆರಳಿಗೇ ಬಂತು.

"ನೋಡು, ನೋಡು. ಅಗ್ಗ ಸಿಕ್ತು ಅಂತ ಹಗ್ಗ ಕೊಂಡು ಕೈಕಾಲು ಕಟ್ಟಿಸ್ಕೊಂಡ್ಳಂತೆ! ಕೊಳ್ಳೋ ಮುಂಚೆ ನನ್ನನ್ನ ಒಂದು ಮಾತು ಕೇಳೋಕೆ ನಿನಗೇನಾಗಿತ್ತು?"

"ಕೇಳಿದ್ರೆ ಬೇಡ ಅಂತಿದ್ದೆ."

"ಬೇಡ ಅಂತಲೇ ಅಂತಿದ್ದೆ! ಸ್ಪಂಜೆಲ್ಲ ಸತ್ತಿದೆ ಕೂಮ. ಇದನ್ನ ಹಾಕಿದ್ರೆ ಮುದಿ ಕತ್ತೆ ಕೆಮ್ಮಿದ ಹಾಗೆ ಕೇಳ್ಸುತ್ತೆ."

"ಸ್ಪಂಜು ಹಾಕೋಕೆ ನಿನಗೆ ಬರುತ್ತೆ ತಾನೆ?"

ಸಣ್ಣ ಪುಟ್ಟದ್ದಕ್ಕೆಲ್ಲ ಬಾಯಿ ಮಾಡುವ ಲೋವ್ರೆ ಅಂದು ಕೊಟ್ಟ ರಾಕಿಯಾ ಸಾರಾಯಿಯನ್ನೂ ಅರ್ಧ ಬಿಟ್ಟು ಎದ್ದ. ಫಿಲ್ಕಾ ಅದನ್ನ ಗಮನಿಸಿದಳು, ವಯಸ್ಸಾಯಿತು ಪಾಪ ಅಂದುಕೊಂಡು ಗ್ಲಾಸು ತೊಳೆದಿಟ್ಟಳು.

ಅವಳಿಗೆ ಸ್ಪೀಕರಿನ ಹುಚ್ಚೇನೂ ಇರಲಿಲ್ಲ. ಬೇಕಾಗಿದ್ದದ್ದು ಒಂದೇ, ಗಂಡನ ದನಿ. ಪಾಶ್ಕೊ ಊರಿನ ಕ್ಲಾಪದಲ್ಲಿ ಹಾಡುತ್ತಿದ್ದ. ಎಂಟು ಗಂಡಸರು, ವಾದ್ಯವಿಲ್ಲ, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಅರ್ಧ ಚಂದ್ರಾಕಾರದಲ್ಲಿ ನಿಂತು ಹಾಡುವುದು. ಎಡತುದಿಗೆ ತಾರ ಹಾಡುವ ಲೋವ್ರೆ. ಬಲತುದಿಗೆ ಮಂದ್ರದವರಿಬ್ಬರು, ಯೆರ್ಕೊ ಮತ್ತು ಪಾಶ್ಕೊ. ತೊಂಬತ್ತಾರರಲ್ಲಿ ಊರ ಇಗರ್ಜಿಯಲ್ಲಿ ಮೈಕು ನಿಲ್ಲಿಸಿ ಒಂದು ಕ್ಯಾಸೆಟ್ ಮಾಡಿದ್ದರು. ಆ ಗುಂಪಿನದು ಅಂತ ಉಳಿದದ್ದು ಅದೊಂದೇ. ಆಗ ಅಡುಗೆಮನೆಯ ಪುಟ್ಟ ಟೇಪ್ ರೆಕಾರ್ಡರಿನಲ್ಲಿ ಹಾಕಿ ಎಲ್ಲ ಹೆಂಡಂದಿರೂ ಕೂತು ಕೇಳಿದ್ದರು. ಇದು ನಮ್ಮವರು, ಅದು ನಮ್ಮವರು ಅಂತ ಒಬ್ಬೊಬ್ಬಳೂ ಹಿಗ್ಗಿದಳು. ಫಿಲ್ಕಾಗೆ ಮಾತ್ರ ಪಾಶ್ಕೊ ಸಿಗಲಿಲ್ಲ. ಆ ಅಂಗೈಯಗಲದ ಸ್ಪೀಕರಿನಿಂದ ಮಂದ್ರ ಎಲ್ಲಿಂದ ಬರಬೇಕು? ಅವಳು ಮುಖ ಸಣ್ಣದು ಮಾಡಿಕೊಂಡಾಗ ಪಾಶ್ಕೊ ನಕ್ಕಿದ್ದ.

"ಮನೆಯ ತಳಪಾಯ ಯಾರಿಗಾದ್ರೂ ಕಾಣುತ್ತೇನೇ? ನಾನು ತಳಪಾಯ ಕಣೇ. ನನ್ನ ಕೇಳ್ಬೇಕಾದ್ರೆ ಬೀರು ಗಾತ್ರದ ಸ್ಪೀಕರ್ ಬೇಕು."

ಎರಡು ವರ್ಷಕ್ಕೆ ಅವನು ತೀರಿಕೊಂಡ. ಹಡಗಿನ ಬಾಯ್ಲರುಗಳೊಳಗೆ ಇಳಿದು ಕಿಟ್ಟ ಕೆರೆಯುವ ಕೆಲಸ ಮಾಡಿದವನು, ಶ್ವಾಸಕೋಶ ಕಲ್ಲಾಗಿ ಹೋಗಿತ್ತು. ಫಿಲ್ಕಾ ಅತ್ತಳು, ಕಪ್ಪು ಉಟ್ಟಳು, ಸಮಾಧಿಗೆ ವಾರವಾರ ಹೂವಿಟ್ಟಳು, ಎಲ್ಲರ ಹಾಗೆ ಬದುಕಿದಳು. ಆದರೆ ಹೋದ ಚಳಿಗಾಲ ಒಂದು ಬೆಳಿಗ್ಗೆ ಕಾಫಿ ಕಾಯಿಸುತ್ತಾ ಇದ್ದಾಗ ಅವಳಿಗೊಂದು ವಿಷಯ ತಿಳಿಯಿತು. ಪಾಶ್ಕೊನ ದನಿ ಅವಳಿಗೆ ನೆನಪಿಲ್ಲ. ಮುಖ ನೆನಪಿದೆ, ಕೈಯ ಗೆಣ್ಣುಗಳು ನೆನಪಿವೆ, ಅವನಾಡಿದ ಮಾತುಗಳೂ ನೆನಪಿವೆ, ಆದರೆ ಆ ಮಾತುಗಳಿಗೆ ದನಿಯೇ ಇಲ್ಲ. ಕಾಫಿ ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಮೂವತ್ತಾರು ವರ್ಷ ಪಕ್ಕದಲ್ಲಿ ಮಲಗಿದ ಗಂಡನ ದನಿ ಮರೆಯುವಂಥ ಹೆಂಗಸು ಇದ್ದರೆಷ್ಟು ಸತ್ತರೆಷ್ಟು ಅಂತ ತನ್ನನ್ನೇ ಶಪಿಸಿಕೊಂಡಳು. ಆಮೇಲೇ ಕ್ಯಾಸೆಟ್ಟಿನ ನೆನಪಾದದ್ದು, ಪತ್ರಿಕೆಯ ಹಿಂಬದಿಯ ಜಾಹೀರಾತುಗಳನ್ನ ಓದಲು ಶುರು ಮಾಡಿದ್ದು.

ಸ್ಪಂಜು ತರಿಸುತ್ತೇನೆ ಅಂತ ಲೋವ್ರೆ ಸ್ಪೀಕರುಗಳನ್ನ ತನ್ನ ಕೆಳಮನೆಗೆ, ಅಂದರೆ ಮನೆಯಡಿಯ ಸಾಮಾನುಕೋಣೆಗೆ, ಸಾಗಿಸಿದ. ಒಂದು ವಾರವಾಯಿತು, ಮೂರು ವಾರವಾಯಿತು. ದಾರಿಯಲ್ಲಿ ಸಿಕ್ಕಾಗೆಲ್ಲ ಒಂದೊಂದು ನೆಪ. ಒಮ್ಮೆ ಅಂಟು ಒಣಗಿಲ್ಲ, ಒಮ್ಮೆ ದಕ್ಷಿಣದ ತೇವದ ಗಾಳಿ ಬೀಸುತ್ತಿದೆ, ಒಮ್ಮೆ ತಂಗಿ ಮನೆಗೆ ಹೋಗಬೇಕು.

"ನಿನ್ನ ಹೆಣದ ಪೆಟ್ಟಿಗೆ ಮಾಡೋಕೂ ಇಷ್ಟು ದಿನ ಹಿಡಿಯಲ್ಲ ಕಣೋ!" ಅಂತ ಫಿಲ್ಕಾ ದೋಣಿಕಟ್ಟೆಯ ಮೇಲೆ ನಾಲ್ಕು ಜನರ ಮುಂದೆಯೇ ಜಾಡಿಸಿದಳು.

ಆರನೇ ವಾರ ತಂದು ಜೋಡಿಸಿಕೊಟ್ಟ. ಕ್ಯಾಸೆಟ್ ಹಾಕಿದಳು. ತಾರದ ದನಿಗಳು ಚೆನ್ನಾಗಿಯೇ ಬಂದವು. ಆದರೆ ಹಾಡಿಗೆ ಕಾಲೇ ಇರಲಿಲ್ಲ. ಎಂಟು ಜನ ನೆಲ ಬಿಟ್ಟು ಎಲ್ಲೋ ಗೋಡೆಯಾಚೆ ನಿಂತು ಹಾಡಿದ ಹಾಗಿತ್ತು. ಫಿಲ್ಕಾ ಕಿವಿಯನ್ನ ಬಲಗಡೆಯ ಪೆಟ್ಟಿಗೆಗೆ ಒತ್ತಿ ಕೂತಳು.

"ಎಲ್ಲಿ ಕೂಮ? ಕೆಳಗಿನದು ಏನೂ ಇಲ್ವಲ್ಲ?"

"ಹಳೇ ಮಾಲು. ಇದರ ಯೋಗ್ಯತೆ ಇಷ್ಟೇ." ಲೋವ್ರೆ ಸ್ಕ್ರೂಡ್ರೈವರನ್ನ ಜೇಬಿಗಿಡುತ್ತಾ ಅವಳ ಮುಖ ನೋಡದೆ ಹೇಳಿದ. "ಸಾಕು ಬಿಡು. ಮೇಲೊಂದು ಹೂವಿನ ಕುಂಡ ಇಟ್ಕೋ, ಚೆನ್ನಾಗಿರುತ್ತೆ."

ನಿಜವಾಗಿಯೂ ಇಟ್ಟುಕೊಂಡಳು. ಕಸೂತಿ ಬಟ್ಟೆ ಹಾಸಿ ಕುಂಡ ಇಟ್ಟು, ಹಾಳಾಗಿ ಹೋಗಲಿ ಅಂತ ಹತ್ತು ದಿನ ಆ ಕಡೆ ತಿರುಗಿಯೂ ನೋಡಲಿಲ್ಲ. ಹನ್ನೊಂದನೆಯ ದಿನ ಕಸ ಹೊಡೆಯಲು ಪೆಟ್ಟಿಗೆಗಳನ್ನ ಎಳೆದಳು. ಹಿಂಬದಿಯ ತಂತಿ ಕಣ್ಣಿಗೆ ಬಿತ್ತು. ಫಿಲ್ಕಾ ಇಪ್ಪತ್ತೆಂಟು ವರ್ಷ ಅಂಚೆಯವರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು, ಎರಡು ಬಣ್ಣದ ತಂತಿ ಕಂಡರೆ ಅವಳ ಕಣ್ಣು ತಾನೇ ಅದರ ಹಿಂದೆ ಹೋಗುತ್ತದೆ. ಎಡ ಪೆಟ್ಟಿಗೆಯಲ್ಲಿ ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ. ಬಲ ಪೆಟ್ಟಿಗೆಯಲ್ಲಿ ಕೆಂಪು ಕಪ್ಪಿಗೆ, ಕಪ್ಪು ಕೆಂಪಿಗೆ. ಒಂದು ಸ್ಪೀಕರು ಮುಂದಕ್ಕೆ ತಳ್ಳಿದರೆ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಮಂದ್ರ ನಡುವೆಯೇ ಸತ್ತುಹೋಗುತ್ತದೆ.

"ಅಯ್ಯೋ ಮುದಿಯಾ," ಅಂತ ನಕ್ಕುಬಿಟ್ಟಳು. "ಕಣ್ಣೂ ಹೋಯ್ತೇನೋ ನಿಂದು!"

ಚೂರಿಯ ತುದಿಯಲ್ಲಿ ತಂತಿ ಬಿಚ್ಚಿ ಸರಿಯಾಗಿ ಸಿಕ್ಕಿಸಿದಳು. ಪೆಟ್ಟಿಗೆಗಳನ್ನ ಚಾಪೆಯ ಮೇಲೆ ನಿಲ್ಲಿಸಿ, ಚಾಪೆ ಎಳೆದು ಗೋಡೆ ಮೂಲೆಗೆ ತಂದಳು. ಕ್ಯಾಸೆಟ್ ಹಾಕಿದಳು.

ಮಂದ್ರ ಬಂತು. ನೆಲದ ಹಲಗೆಯಿಂದ ಅವಳ ಪಾದಕ್ಕೆ ಹತ್ತಿತು, ಗಾಜಿನ ಬೀರುವಿನಲ್ಲಿದ್ದ ಗ್ಲಾಸುಗಳು ಕಿಣಿಕಿಣಿ ಅಂದವು. ದುಂಡಗೆ, ದಪ್ಪಗೆ, ಮಿಕ್ಕ ದನಿಗಳನ್ನೆಲ್ಲ ಹೊತ್ತುಕೊಂಡು ನಿಂತ ಒಂದು ದನಿ, ಬಲಗಡೆಯಿಂದಲೇ, ಪಾಶ್ಕೊ ನಿಲ್ಲುತ್ತಿದ್ದ ಕಡೆಯಿಂದಲೇ. ಫಿಲ್ಕಾ ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು. "ಬಂದ್ಯಾ? ಬಂದ್ಯೇನೋ ದೊರೆ?" ಅಂತ ಎಷ್ಟು ಸಲ ಅಂದಳೋ ಅವಳಿಗೇ ಲೆಕ್ಕವಿಲ್ಲ.

ಮೂರು ದಿನ ಅವಳು ಮನುಷ್ಯಳಾಗಿರಲಿಲ್ಲ. ಒಲೆ ಹಚ್ಚಲಿಲ್ಲ, ಬ್ರೆಡ್ಡು ಮತ್ತು ಉಪ್ಪು ಮೀನಿನಲ್ಲೇ ಕಳೆದಳು. ಕಿಟಕಿ ತೆರೆದಿಟ್ಟು ಬೀದಿಗೆಲ್ಲ ಕೇಳಿಸಿದಳು. ನೆರೆಯವಳು ಬಂದು ತಲೆನೋವು ಅಂದಾಗ, "ನಿನ್ನ ಗಂಡ ನಲವತ್ತು ವರ್ಷದಿಂದ ಕುಡಿದು ಬೊಬ್ಬೆ ಹೊಡೀತಾನೆ, ನಾನೇನಾದ್ರೂ ಅಂದಿದ್ದೀನಾ? ನನ್ನ ಗಂಡ ಮೂರು ದಿನ ಹಾಡ್ಲಿ ಬಿಡೇ," ಅಂದು ಕಳಿಸಿದಳು. ಪಾಪ, ಅಷ್ಟು ಸುಖ ಅವಳಿಗೆ ಮದುವೆಯ ವಾರದಲ್ಲೂ ಸಿಕ್ಕಿತ್ತೋ ಇಲ್ಲವೋ.

ನಾಲ್ಕನೇ ದಿನ ಬೆಳಿಗ್ಗೆ ಕೊನೆಯ ಹಾಡು ಬರುತ್ತಿತ್ತು. ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿ ಮಂದ್ರವೊಂದೇ ಉಳಿಯುವ ಜಾಗ. ಅದಕ್ಕೆ ಮೊದಲು ಅವನು ಉಸಿರೆಳೆದುಕೊಳ್ಳುವುದು ಕೇಳಿಸಿತು. ಹಳೇ ಸ್ಪೀಕರೇ ಆದರೂ ಅಷ್ಟು ಸಣ್ಣದ್ದನ್ನೂ ಕೊಟ್ಟಿತು. ಒಂದೇ ಎಳೆತ, ಉದ್ದ, ನುಣುಪು. ಆಮೇಲೆ ದನಿ ಹೊರಟಿತು. ಫಿಲ್ಕಾ ಯಾಕೋ ಎಣಿಸತೊಡಗಿದಳು. ಒಂದು, ಎರಡು, ಮೂರು. ಹದಿನಾಲ್ಕಕ್ಕೂ ದನಿ ನಡುಗಲಿಲ್ಲ.

ಅವಳು ಟೇಪು ನಿಲ್ಲಿಸಿದಳು. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದಳು. ಅದೇ ಉಸಿರು.

ಕ್ಯಾಸೆಟ್ ಮಾಡಿದ ಆ ವರ್ಷ ಪಾಶ್ಕೊ ದೋಣಿಕಟ್ಟೆಯಿಂದ ಮನೆಯ ಮೆಟ್ಟಿಲೇರಲು ಎರಡು ಸಲ ಕೂರುತ್ತಿದ್ದ. ಉಸಿರೆಳೆದರೆ ಎದೆಯೊಳಗೆ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಕೇಳುತ್ತಾ, ಅದು ನಿಂತುಬಿಟ್ಟೀತೇನೋ ಅಂತ ಹೆದರುತ್ತಾ ಅವಳು ಅವನ ಪಕ್ಕ ಮಲಗಿದ್ದಳು. ದನಿ ಮರೆತಿರಬಹುದು, ಆ ಉಸಿರನ್ನ ಮರೆಯುವ ಹಾಗಿರಲಿಲ್ಲ. ಟೇಪಿನಲ್ಲಿರುವುದು ಆ ಎದೆಯಲ್ಲ.

ಚಪ್ಪಲಿಯನ್ನೂ ಬದಲಿಸದೆ ಲೋವ್ರೆಯ ಕೆಳಮನೆಗೆ ಹೋದಳು. ಅವನು ಗಾಳದ ದಾರ ಬಿಡಿಸುತ್ತಾ ಕೂತಿದ್ದ.

"ತಂತಿ ನಾನು ತಿರುಗಿಸಿ ಹಾಕ್ದೆ," ಅಂದಳು. "ಅಲ್ಲಿ ಹಾಡೋದು ಯೆರ್ಕೊ ಒಬ್ಬನೇ. ಹೌದೋ ಅಲ್ವೋ?"

ಲೋವ್ರೆ ದಾರ ಕೆಳಗಿಟ್ಟ. "ಕೂತ್ಕೋ ಕೂಮ."

"ಕೂರೋಕೆ ಬಂದಿಲ್ಲ. ಹೇಳು."

"ಹೌದು, ಯೆರ್ಕೊ ಒಬ್ಬನೇ." ಅವನ ದನಿ ಇಳಿಯಿತು. "ಆವತ್ತು ಬೆಳಿಗ್ಗೆ ಪಾಶ್ಕೊನೇ ನನ್ಹತ್ರ ಬಂದ. ನನ್ನಿಂದಾಗಲ್ಲ, ನಡುವೆ ಕೆಮ್ಮಿಬಿಟ್ರೆ ನಿಮ್ಮ ಟೇಪೆಲ್ಲ ಹಾಳು, ನಾನು ಬರೀ ಬಾಯಾಡಿಸ್ತೀನಿ ಅಂದ. ನಿನಗೆ ಗೊತ್ತಲ್ಲ, ಸಾಲಲ್ಲಿ ನಿಂತವನನ್ನ ಅವನ ಕಾಲಲ್ಲಿ ತ್ರಾಣ ಇರೋವರೆಗೂ ನಾವು ಇಳಿಸಲ್ಲ. ಆಮೇಲೂ ಕೊನೇವರೆಗೆ ಹಾಗೇ ನಡೀತು. ಯೆರ್ಕೊ ಇಬ್ಬರ ಪಾಲೂ ಹಾಡ್ತಿದ್ದ, ಇವನು ಅವನ ಹೆಗಲು ಹಿಡ್ಕೊಂಡು ನಿಂತಿರ್ತಿದ್ದ."

"ಎಲ್ಲರಿಗೂ ಗೊತ್ತಿತ್ತು. ನನಗೊಬ್ಬಳಿಗೆ ಇಲ್ಲ."

"ಆಣೆ ಹಾಕಿಸ್ಕೊಂಡಿದ್ದ. ಫಿಲ್ಕಾಗೆ ಗೊತ್ತಾದ್ರೆ ನನ್ನನ್ನ ರೋಗಿ ಮಾಡಿ ಮಂಚಕ್ಕೆ ಕಟ್ತಾಳೆ ಅಂತಿದ್ದ."

"ತಂತಿ? ಅದಕ್ಕೂ ಅವನೇ ಆಣೆ ಹಾಕಿಸಿದ್ನಾ?"

"ಅದು ನಾನೇ. ಮಂದ್ರ ಸತ್ರೆ ನಿನಗೆ ಯಾರೂ ಸಿಗಲ್ಲ, ಯೆರ್ಕೊನ ದನಿನ ಅವನದು ಅಂದ್ಕೊಳ್ಳಲ್ಲ. ಹಳೇ ಸ್ಪೀಕರು ಅಂತ ನನ್ನನ್ನೂ ಅದನ್ನೂ ಬೈದ್ಕೊಂಡು ಸುಮ್ನಾಗ್ತೀಯ ಅಂದ್ಕೊಂಡೆ. ಎಕ್ಸ್‌ಚೇಂಜಿನವಳು ನೀನು ಅನ್ನೋದು ಮರೆತೇಹೋಗಿತ್ತು."

ಫಿಲ್ಕಾಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಬದಲಿಗೆ, ಅಂಗಡಿಯಲ್ಲಿ ಇನ್ನೊಂದು ಅಳತೆಯದು ಇದೆಯಾ ಅಂತ ಕೇಳುವವಳ ಹಾಗೆ ಕೇಳಿದಳು. "ಬೇರೆ ಯಾವುದಾದ್ರೂ ಇದೆಯಾ? ಯಾರದ್ದಾದ್ರೂ ಮದುವೆ ವಿಡಿಯೋ, ಹಬ್ಬದ್ದು, ಅವನು ಮಾತಾಡಿದ್ದು? ಹಾಡೇ ಆಗ್ಬೇಕು ಅಂತಿಲ್ಲ."

"ಆರು ವಾರ ಅದನ್ನೇ ಹುಡುಕಿದ್ದು ಕಣೇ. ಸ್ಪಂಜು ಮೂರೇ ದಿನದ ಕೆಲಸ. ಮನೆಮನೆ ತಿರುಗ್ದೆ, ಜಾದರ್‌ವರೆಗೂ ಹೋಗಿ ಬಂದೆ. ಒಂದು ಮದುವೆ ವಿಡಿಯೋದಲ್ಲಿ ಇದ್ದಾನೆ. ಬಾಯಿ ತೆಗೆದು ಏನೋ ಹೇಳ್ತಾನೆ, ಬ್ಯಾಂಡಿನ ಗದ್ದಲದಲ್ಲಿ ಒಂದಕ್ಷರ ಕೇಳಲ್ಲ. ಇನ್ನೆಲ್ಲೂ ಇಲ್ಲ."

"ಯೆರ್ಕೊಗೆ ಬರೆದ್ರೆ?"

"ಆಸ್ಟ್ರೇಲಿಯಾಕ್ಕೆ ಫೋನು ಮಾಡ್ದೆ. ಅವನ ಹತ್ರ ಇರೋದೂ ಇದೇ ಕ್ಯಾಸೆಟ್ಟು."

ಎಪ್ಪತ್ತೆರಡರ ಮುದುಕ ಮುಖ ಮುಚ್ಚಿಕೊಂಡು ಅತ್ತ. ಸಮಾಧಾನ ಮಾಡುವ ಶಕ್ತಿ ಫಿಲ್ಕಾಗೆ ಇರಲಿಲ್ಲ, ಬಾಗಿಲು ಎಳೆದುಕೊಂಡು ಹೊರಟಳು.

ಮನೆಗೆ ಬಂದು ಆಂಪ್ಲಿಫೈಯರಿನ ಪ್ಲಗ್ ಕಿತ್ತಳು. ಪಾಶ್ಕೊನನ್ನ ನೆನೆಯಲು ಮನಸ್ಸಿಗೆ ಬಂದದ್ದು ಒಂದು ಸಾಧಾರಣ ಮಧ್ಯಾಹ್ನ. ದೋಣಿ ಕಟ್ಟಿ, ಮೀನಿನ ಬಕೆಟ್ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು "ಫಿಲ್ಕಾ, ಬಾರೇ, ಇದನ್ನ ತಗೋ" ಅಂತ ಕೂಗುವುದು. ಎಷ್ಟೋ ಸಾವಿರ ಸಲ ಕೂಗಿದ್ದಾನೆ. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕಾದಳು. ಈ ಸಲ ದನಿ ಬಂತು. ಟೇಪಿನಲ್ಲಿ ಬಂದ ಹಾಗೇ ದುಂಡಗೆ, ತುಂಬಿಕೊಂಡು, ಎಲ್ಲೂ ಒಡೆಯದೆ ಅವಳ ಹೆಸರು ಹಿಡಿದು ಕರೆಯಿತು. ಕರೆಯುತ್ತಿದ್ದವನು ಯೆರ್ಕೊ.