ಮೈಲಮ್ಮನ ಮೊಮ್ಮಗಳು ದೋಣಿಗೆ ಬಾಯಿಟ್ಟದ್ದು

ತೆಲಂಗಾಣ ರಾಜ್ಯವಾದ ವರ್ಷ ಕರ್ನಾಟಕದ ಗಡಿಗೆ ಅಂಟಿದ, ನಾರ್ವದ ಹತ್ತಿರದ ನಮ್ಮೂರ ಅಂಗನವಾಡಿಯಲ್ಲಿ ಬದಲಾದದ್ದು ಗೋಡೆಯ ಮೇಲಿನ ಒಂದೇ ಪದ, ರಾಜ್ಯದ ಹೆಸರು. ಒಳಗೆ ಆಯಾ ಮೈಲಮ್ಮ ಅದೇ ಮೈಲಮ್ಮ, ತಾಟಿನಲ್ಲಿ ಬೇಳೆಯ ಪಪ್ಪು ಅದೇ ಪಪ್ಪು, ಅವಳ ಮೊಮ್ಮಗಳು ಭಾಗ್ಯಳ ತೂಕವೂ ಅದೇ ಹನ್ನೊಂದು ಕಿಲೋ. ನಾಲ್ಕು ವರ್ಷದ ಕೂಸಿಗೆ ಅದು ಸಾಲದು. ಊರಿನ ಮೂವತ್ತು ಮಕ್ಕಳಿಗೆ ಉಣಿಸುವವಳ ಮುಂದೆ ಸ್ವಂತ ಮೊಮ್ಮಗಳೇ ಬಾಯಿ ಬಿಗಿದು ಕೂರುತ್ತಿದ್ದಳು. ಅಂಗಡಿಯ ಕುರುಕಲು ಪಾಕೀಟು ಕಂಡರೆ ಮಾತ್ರ ಆ ಬಾಯಿ ತೆರೆಯುತ್ತಿತ್ತು.

ಮೈಲಮ್ಮನ ಮಗ ಶೇಖರ್ ಗಡುವು ಕೊಟ್ಟಿದ್ದ. "ಯವ್ವಾ, ದೀಪಾವಳಿ ಆದಮ್ಯಾಲ ನಾವು ಪುಣೆಕ್ಕ ಹೊಂಡತೀವಿ. ಅಷ್ಟೊತ್ತಿಗೆ ಇಕಿ ಹನ್ನೆರಡು ಕಿಲೋ ಆದ್ರ ನಿನ್ನ ಹತ್ರ ಬಿಡ್ತೀನಿ. ಇಲ್ಲಂದ್ರ ನಮ್ಮ ಸಂಗಾಟನ ಬರ್ತಾಳ."

ಪುಣೆಯ ಕಟ್ಟಡ ಕೆಲಸದ ಜಾಗವನ್ನು ಮೈಲಮ್ಮ ಕಣ್ಣಾರೆ ನೋಡಿದ್ದಳು. ಅಲ್ಲಿ ಮಕ್ಕಳು ಸಿಮೆಂಟಿನ ಚೀಲದ ಮೇಲೆ ಮಲಗಿ, ಪಾಕೀಟು ತಿಂದು ಬೆಳೆಯುತ್ತವೆ.

ಅದೇ ಕಾಂಪೌಂಡಿನ ಸರ್ಕಾರಿ ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಓದಿದವನೆಂಬ ಭ್ರಮೆಯಿಂದ ಮೈಲಮ್ಮ ನನ್ನನ್ನು ಉಪಾಯ ಕೇಳಿದಳು. ಕೇಳಿದ್ದೇ ತಡ, ಬಣ್ಣದ ಚಾರ್ಟು ಹಿಡಿದು ಮಕ್ಕಳಿಗೆ ಭಾಷಣ ಮಾಡಿದೆ. ಎಣ್ಣೆಯದು ಬೇಡ, ಕಾಯಿಪಲ್ಲೆ ತಿನ್ನಿ, ಇತ್ಯಾದಿ. ಭಾಗ್ಯ ಚಾರ್ಟು ನೋಡಲಿಲ್ಲ. ನನ್ನ ಅಂಗಿಯನ್ನೇ ನೋಡುತ್ತಿದ್ದಳು.

"ಯವ್ವಾ, ಸಾರ್ ಕಿಸೆದಾಗ ಮಿರ್ಚಿ ಐತಿ!"

ಇತ್ತು, ಎರಡು ಮಿರ್ಚಿ ಬಜ್ಜಿ. ಕಾಗದ ದಾಟಿದ ಎಣ್ಣೆ ಕಿಸೆಯನ್ನೂ ದಾಟಿತ್ತು. ಅಲ್ಲಿಗೆ ನನ್ನ ಭಾಷಣ ಮುಗಿಯಿತು.

ಮೈಲಮ್ಮ ತಾಟು ಹಿಡಿದು ಬೇವಿನ ಮರದ ಸುತ್ತ ಕೂಸಿನ ಹಿಂದೆ ಓಡುವುದನ್ನು ಮುಂದುವರಿಸಿದಳು. "ಉಣ್ಣವಲ್ಲಿ ಅಂದ್ರ ಸಾರ್‌ಗೆ ಕೊಟ್ಟುಬಿಡ್ತೀನಿ ನೋಡು!" ಎಂದು ಹೆದರಿಸಿದಾಗ ಒಂದು ತುತ್ತು ಒಳಗೆ ಹೋಯಿತಂತೆ. ನನ್ನಿಂದ ಆದ ಉಪಕಾರ ಅಷ್ಟೇ. ಅದನ್ನೂ ಅವಳು ಉಗುಳಿದಳು.

ಶ್ರಾವಣದ ಒಂದು ಭಾನುವಾರ ಮೈಲಮ್ಮನ ಮನೆಯಲ್ಲಿ ದೋಣಿ ತುಂಬಿಸಿದರು. ಅವಳ ಗಂಡ ಆಶಪ್ಪ ಮೈಲಾರನ ಗೊರವಯ್ಯ. ಗೊರವಯ್ಯರು ಕರಿಕಂಬಳಿಯ ಅಂಗಿ ತೊಟ್ಟು, ದೇವರ ನಾಯಿಗಳಾಗಿ ಬೊಗಳುತ್ತ ಮಂಡಿಯೂರಿ ಬರುತ್ತಾರೆ. ದೋಣಿ ಎಂಬ ಬಟ್ಟಲಲ್ಲಿ ಕಲಸಿಟ್ಟ ಹಾಲು, ಬಾಳೆಹಣ್ಣು, ರೊಟ್ಟಿಯನ್ನು ನಾ ಮುಂದು ತಾ ಮುಂದು ಎಂದು ಬಾಯಿಂದಲೇ ತಿನ್ನುತ್ತಾರೆ. ಎಲ್ಲರೂ ಕೈಮುಗಿದು ನಿಂತಿದ್ದಾಗ ಭಾಗ್ಯ ಅಂಬೆಗಾಲಿಟ್ಟು ತಾತನ ಪಕ್ಕ ನುಗ್ಗಿದಳು. ದೋಣಿಗೆ ಬಾಯಿಟ್ಟು ಗಬಗಬ ತಿಂದಳು.

ಹಿರಿಯ ಗೊರವಯ್ಯ ಅಯ್ಯಣ್ಣ ಹೌಹಾರಿದ. "ಏ ಆಶಪ್ಪಾ! ದೀಕ್ಷೆ ಇಲ್ಲದ ಕೂಸು ದೋಣಿಗೆ ಬಾಯಿ ಹಚ್ಚೇತಲ್ಲೋ! ತಪ್ಪಾತು!"

ಆಶಪ್ಪನ ಮೀಸೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. "ತಪ್ಪು ನನ್ನ ಮ್ಯಾಲ ಹಾಕು. ಮೊದ್ಲ ಆಕಿ ಉಣ್ಣಲಿ. ಮೈಲಾರಗ ಒಂದು ಮರಿನಾಯಿ ಬ್ಯಾಡೇನು?"

ಅಯ್ಯಣ್ಣ ಗೊಣಗುತ್ತಲೇ ಕೂಸಿನ ಹಣೆಗೆ ಭಂಡಾರ ಹಚ್ಚಿದ.

ಮರುದಿನ ಮೈಲಮ್ಮ ಹೇಳಿದಳು: "ಸಾರ್, ನಿನ್ನೆ ಆಕಿ ಬಾಯಿ ಯಾರೂ ನೋಡ್ಲಿಲ್ಲರಿ. ಎಲ್ಲರೂ ದೇವರ ಕಡಿ ನೋಡತಿದ್ರು. ಅದಕ್ಕ ತಿಂದಳು."

ಇಷ್ಟು ಸಣ್ಣ ಮಾತು ನನ್ನ ಚಾರ್ಟಿನಲ್ಲಿ ಇರಲಿಲ್ಲ. ಅಂದಿನಿಂದ ನಾಲ್ಕು ಮಕ್ಕಳಿಗೆ ಒಂದು ದೊಡ್ಡ ಪರಾತ. ಅದರಲ್ಲಿ ನುಗ್ಗೆಸೊಪ್ಪಿನ ಪಪ್ಪು, ಅನ್ನ, ಸುತ್ತಲೂ ಮೊಟ್ಟೆ. ಬಡಿಸಿದ ಮೈಲಮ್ಮ ಬೆನ್ನು ತಿರುಗಿಸಿ ಪಾತ್ರೆ ತಿಕ್ಕಲು ಕೂರುತ್ತಿದ್ದಳು. ಕಿವಿ ಮಾತ್ರ ಹಿಂದೆ. "ಕೈಲೆ ತಿನ್ರಲೇ! ಬಾಯಿಲೆ ತಿನ್ನಾಕ ತಾತಗಷ್ಟೇ ಪರವಾನಗಿ ಐತಿ." ತಿನ್ನುವ ಮೊದಲು ಮಕ್ಕಳೆಲ್ಲ ಒಟ್ಟಿಗೆ ಬೊಗಳುತ್ತಿದ್ದವು. ಆ ಹೊತ್ತಿನಲ್ಲಿ ನಾನು ವ್ಯಾಕರಣ ಪಾಠ ನಿಲ್ಲಿಸುತ್ತಿದ್ದೆ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ದೀಪಾವಳಿಯ ಮರುದಿನ ಶೇಖರ್ ತಾನೇ ಬೇವಿನ ಕೊಂಬೆಗೆ ತಕ್ಕಡಿ ಕಟ್ಟಿ ಮಗಳನ್ನು ತೂಗುಹಾಕಿದ. ಮುಳ್ಳು ಹನ್ನೆರಡನ್ನು ದಾಟಿತು. ಅವನು ತಾಯಿಯನ್ನು ಓರೆಗಣ್ಣಿನಿಂದ ನೋಡಿ, ಮಗಳ ಫ್ರಾಕಿನ ಕಿಸೆಗೆ ಕೈ ಹಾಕಿದ. ಬೇಯಿಸಿದ ಮೊಟ್ಟೆ ಸಿಕ್ಕಿತು.

"ಇದೇನಬೇ ಯವ್ವಾ? ನನಗ ಮೋಸ ಮಾಡ್ತಿ?"

ಮೈಲಮ್ಮನ ಮುಖ ಬಿಳುಚಿತು. "ಬೀರಪ್ಪನಾಣಿ, ನನಗ ಗೊತ್ತಿಲ್ಲೋ."

"ಅದು ಅಪ್ಪಗ," ತಕ್ಕಡಿಯಲ್ಲಿ ತೂಗಾಡುತ್ತಲೇ ಭಾಗ್ಯ ಹೇಳಿದಳು. "ಬಸ್ಸಿನ್ಯಾಗ ತಿನ್ನಾಕ."

ಮೊಟ್ಟೆ ಕೈಯಲ್ಲೇ ಇತ್ತು. ಶೇಖರ್ ಮತ್ತೊಮ್ಮೆ ಮುಳ್ಳು ನೋಡಿದ. ಹನ್ನೆರಡು, ಸರಿಯಾಗಿ. ಮಗಳನ್ನು ಇಳಿಸಿ ಅಜ್ಜಿಯ ಕಂಕುಳಿಗೆ ಕೊಟ್ಟ. ಮೊಟ್ಟೆಯನ್ನು ಅಂಗೈಯಲ್ಲಿ ಹೊರಳಿಸುತ್ತ ನಿಂತ.

ಭಾಗ್ಯ ಅವನನ್ನು ನೋಡಿದಳು, ಮೊಟ್ಟೆಯನ್ನು ನೋಡಿದಳು. ಆಮೇಲೆ ಅಜ್ಜಿಯ ಹೆಗಲಿಗೆ ಮುಖ ಒತ್ತಿಕೊಂಡಳು.

"ನಾ ನೋಡಂಗಿಲ್ಲ ಅಪ್ಪಾ. ಈಗ ತಿನ್ನು."

ಮೈಲಮ್ಮ ಬೆನ್ನು ತಿರುಗಿಸಿದಳು. ಕಿಸೆಯ ಮಿರ್ಚಿಯನ್ನು ಮುಚ್ಚಿಕೊಂಡು ನಾನೂ ತಿರುಗಿದೆ. ನಮ್ಮ ಹಿಂದೆ ಮೊಟ್ಟೆಯ ಸಿಪ್ಪೆ ಒಡೆಯುವ ಸದ್ದು ಕೇಳಿಸಿತು.